ಬಿ.ಎಡ್. ಮುಗಿಸಿದ ವಿಜ್ಞಾನ ಶಿಕ್ಷಕರಿಗೆ ಮತ್ತೇಕೆ ತರಬೇತಿ?

ಪ್ರಶ್ನೆ: ನನ್ನ ಮಗಳು ತೀರ್ಥಹಳ್ಳಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದಾಳೆ. ವಿಜ್ಞಾನಕ್ಕೆ ಇರುವುದು ಒಬ್ಬರೇ ಮೇಡಂ. ಅವರು ಆಗಾಗ ತರಬೇತಿಗೆಂದು ಶಿವಮೊಗ್ಗಕ್ಕೆ ಹೋಗುತ್ತಾರೆ. ಆ ದಿನ ಪಾಠ ಇರುವುದಿಲ್ಲ. ಬಿ.ಎಸ್ಸಿ., ಬಿ.ಎಡ್. ಎರಡನ್ನೂ ಮುಗಿಸಿ ಕೆಲಸಕ್ಕೆ ಸೇರಿದವರಿಗೆ ಮತ್ತೇನು ಕಲಿಸುತ್ತಾರೆ?

ಉತ್ತರ: ಪೋಷಕರ ಸಭೆಗಳಲ್ಲಿ ಈ ಪ್ರಶ್ನೆಯನ್ನು ಎಷ್ಟು ಸಲ ಕೇಳಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಪಾಠ ತಪ್ಪುತ್ತದೆ ಎಂಬ ನಿಮ್ಮ ಸಂಕಟ ನ್ಯಾಯವಾದದ್ದು. ಪ್ರೌಢಶಾಲೆಯಲ್ಲಿ ಬಹಳ ವರ್ಷ ವಿಜ್ಞಾನ ಹೇಳಿ, ಆಮೇಲೆ ಇಂಥ ತರಬೇತಿಗಳಲ್ಲಿ ಸಂಪನ್ಮೂಲ ವ್ಯಕ್ತಿಯಾಗಿ ನಿಂತವನು ನಾನು. ಅಲ್ಲಿ ಕಂಡದ್ದನ್ನೇ ಹೇಳುತ್ತೇನೆ.

ಮೊದಲು ಮಗಳ ವಿಜ್ಞಾನ ಪುಸ್ತಕವನ್ನು ತೆರೆದು ನೋಡಿ. ಕನ್ನಡಿ, ಮಸೂರ, ಓಮ್‌ನ ನಿಯಮ, ಆಮ್ಲ, ಪ್ರತ್ಯಾಮ್ಲ, ಹೃದಯ, ಮೂತ್ರಪಿಂಡ, ಅನುವಂಶೀಯತೆ ಎಲ್ಲವೂ ಒಂದೇ ವಿಷಯದೊಳಗೆ ಬರುತ್ತವೆ. ಇವನ್ನೆಲ್ಲ ಒಟ್ಟಿಗೆ ಓದಿ ಪದವಿ ಪಡೆದ ಶಿಕ್ಷಕರು ಸಿಗುವುದು ಅಪರೂಪ. ನಮ್ಮ ಶಾಲೆಗಳಲ್ಲಿ ಪಿಸಿಎಂ (ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತ) ಶಿಕ್ಷಕರು, ಸಿಬಿಝಡ್ (ರಸಾಯನವಿಜ್ಞಾನ, ಸಸ್ಯವಿಜ್ಞಾನ, ಪ್ರಾಣಿವಿಜ್ಞಾನ) ಶಿಕ್ಷಕರು ಎಂದು ಎರಡು ಬಗೆಯವರಿದ್ದಾರೆ. ಸಿಬಿಝಡ್ ಓದಿದವರು ಭೌತವಿಜ್ಞಾನದ ಪುಸ್ತಕವನ್ನು ಕೊನೆಯ ಸಲ ಮಡಚಿದ್ದು ಪಿಯುಸಿಯಲ್ಲಿ. ವಿಜ್ಞಾನಕ್ಕೆ ಒಬ್ಬರೇ ಇರುವ ಶಾಲೆಯಲ್ಲಿ ಅವರೇ ವಿದ್ಯುತ್ ಮಂಡಲವನ್ನೂ ಹೇಳಬೇಕು.

ಬಿ.ಎಡ್. 2015ರಿಂದ ಎರಡು ವರ್ಷದ್ದಾಗಿದೆ, ಅದರಲ್ಲಿ 20 ವಾರಗಳನ್ನು ಶಾಲೆಗಳಿಗೆ ಸಂಬಂಧಿಸಿದ ಕೆಲಸಕ್ಕೆಂದೇ ಮೀಸಲಿಟ್ಟಿದ್ದಾರೆ. ಹಿಂದಿನ ಒಂದು ವರ್ಷದ ಕೋರ್ಸಿಗಿಂತ ಎಷ್ಟೋ ಮೇಲು. ಆದರೂ ಮಕ್ಕಳ ಮನೋವಿಜ್ಞಾನ, ಪಾಠ ಯೋಜನೆ, ಮೌಲ್ಯಮಾಪನ ಎಲ್ಲದರ ನಡುವೆ ಒಂದೊಂದು ಪಾಠದ ಒಳಗುಟ್ಟಿಗೆ ಇಳಿಯಲು ಅಲ್ಲಿ ಪುರುಸೊತ್ತು ಸಿಗುವುದಿಲ್ಲ.

ಒಂದು ತರಬೇತಿಯಲ್ಲಿ ಪ್ರತಿಯೊಬ್ಬರಿಗೂ ಒಂದು ಟಾರ್ಚ್ ಸೆಲ್, ಒಂದು ಪುಟ್ಟ ಬಲ್ಬ್, ಒಂದೇ ಒಂದು ತುಂಡು ತಂತಿ ಕೊಟ್ಟೆವು. ಹೋಲ್ಡರ್ ಇಲ್ಲ. ಬಲ್ಬ್ ಉರಿಸಿ ಎಂದೆವು. ಹತ್ತು ನಿಮಿಷವಾದರೂ ಹೆಚ್ಚಿನವರ ಬಲ್ಬ್ ಹೊತ್ತಲಿಲ್ಲ. ಹನ್ನೆರಡು ವರ್ಷ ಪಾಠ ಮಾಡಿದ ಮೇಡಂ ಒಬ್ಬರು ಬಲ್ಬಿನ ಬುಡವನ್ನು ಸೆಲ್ಲಿನ ಮೇಲಿಟ್ಟು, ತಂತಿಯ ತುದಿಯನ್ನೂ ಆ ಬುಡಕ್ಕೇ ಒತ್ತಿ ಹಿಡಿದು ಕಾಯುತ್ತಿದ್ದರು. ವಿದ್ಯುತ್ತು ಬಲ್ಬಿನ ಬುಡದ ಚುಕ್ಕೆಯಿಂದ ಒಳಹೊಕ್ಕರೆ ಪಕ್ಕದ ಲೋಹದ ಕವಚದಿಂದ ಹೊರಬರಬೇಕು, ತಂತಿ ಆ ಕವಚವನ್ನು ಮುಟ್ಟಬೇಕು. ಕೊನೆಗೆ ಬಲ್ಬ್ ಹೊತ್ತಿಕೊಂಡಾಗ ಅವರು ಹೇಳಿದರು: "ಮಂಡಲದ ಚಿತ್ರವನ್ನು ವರ್ಷ ವರ್ಷವೂ ಬೋರ್ಡಿನ ಮೇಲೆ ಬರೆದಿದ್ದೇನೆ ಸರ್, ಬಲ್ಬಿನೊಳಗೆ ದಾರಿ ಹೇಗೆ ಹೋಗುತ್ತದೆ ಎಂದು ಯೋಚಿಸಿಯೇ ಇರಲಿಲ್ಲ." ಅಷ್ಟು ಜನರ ಮುಂದೆ ಅದನ್ನು ಒಪ್ಪಿಕೊಂಡ ಅವರ ಮೇಲೆ ನನಗೆ ಇಂದಿಗೂ ಗೌರವವಿದೆ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ಹತ್ತನೇ ತರಗತಿಯ ರಸಾಯನವಿಜ್ಞಾನದ ಆರಂಭದಲ್ಲೇ ಒಂದು ಪ್ರಯೋಗ ಬರುತ್ತದೆ. ಕಬ್ಬಿಣದ ಮೊಳೆಯನ್ನು ಮರಳು ಕಾಗದದಿಂದ ಉಜ್ಜಿ, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಸುಮಾರು 20 ನಿಮಿಷ ಇಡಬೇಕು. ನೀಲಿ ಬಣ್ಣ ಮಾಸುತ್ತದೆ, ಮೊಳೆ ಕಂದಾಗುತ್ತದೆ. ಕಬ್ಬಿಣ ದ್ರಾವಣಕ್ಕಿಳಿದು ತಾಮ್ರವನ್ನು ಹೊರದಬ್ಬಿತು, ಇದು ಸ್ಥಾನಪಲ್ಲಟ ಕ್ರಿಯೆ ಎಂದು ಬರೆಸಿದರೆ ಅಂಕವೂ ಸಿಗುತ್ತದೆ. ಆದರೆ ಮೊಳೆಯನ್ನು ಮಕ್ಕಳ ಕೈಗೆ ಕೊಟ್ಟು ಏನಾಯಿತು ಎಂದು ಕೇಳಿ ನೋಡಿ. "ತುಕ್ಕು ಹಿಡಿದಿದೆ" ಎನ್ನುತ್ತಾರೆ. ಮಳೆಗಾಲದಲ್ಲಿ ಬೀಗ, ಕತ್ತಿ, ಸೈಕಲ್ ಸರಪಳಿ ಎಲ್ಲವೂ ಕಂದಾಗುವುದನ್ನು ಕಂಡ ಮಲೆನಾಡಿನ ಮಗು ಮತ್ತೇನು ಹೇಳಬೇಕು? ಅದರ ಯೋಚನೆಯಲ್ಲಿ ತರ್ಕವಿದೆ.

ಶಿಕ್ಷಕರ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. "ತಪ್ಪು, ಅದು ತಾಮ್ರ" ಎಂದುಬಿಟ್ಟರೆ ಮಗು ತಾಮ್ರ ಎಂದು ಬರೆದುಕೊಂಡು ತುಕ್ಕು ಎಂದೇ ನಂಬಿರುತ್ತದೆ. ಇನ್ನೊಂದು ಉಜ್ಜಿದ ಮೊಳೆಯನ್ನು ಬರೀ ನೀರಿನಲ್ಲಿ ಅಷ್ಟೇ ಹೊತ್ತು ಇಟ್ಟು ಹೋಲಿಸಬಹುದು. ನೀರಿನಿಂದಲೇ ತುಕ್ಕು ಬಂದಿದ್ದರೆ ನೀಲಿ ಏಕೆ ಮಾಸಿತು ಎಂದು ಕೇಳಬಹುದು. ಮಗು ಏನು ಹೇಳಬಹುದು, ಅದಕ್ಕೆ ಎದುರಾಗಿ ಯಾವ ಪ್ರಯೋಗವನ್ನು ಇಡಬೇಕು ಎಂಬ ಈ ತಿಳಿವಳಿಕೆ ರಸಾಯನವಿಜ್ಞಾನದ ಪದವಿಯಲ್ಲಿ ಬರುವುದಿಲ್ಲ, ಬಿ.ಎಡ್.ನ ಸಾಮಾನ್ಯ ಪಾಠಗಳಲ್ಲೂ ಬರುವುದಿಲ್ಲ. ವಿಷಯ ಗೊತ್ತಿರುವುದು ಬೇರೆ, ಆ ವಿಷಯವನ್ನು ಕಲಿಸಲು ಗೊತ್ತಿರುವುದು ಬೇರೆ, ಎರಡನೆಯದೂ ಒಂದು ಪ್ರತ್ಯೇಕ ಜ್ಞಾನ ಎಂದು ಅಮೆರಿಕದ ಶಿಕ್ಷಣ ತಜ್ಞ ಲೀ ಶುಲ್ಮನ್ 1986ರಲ್ಲಿ ವಾದಿಸಿದರು. ಒಳ್ಳೆಯ ತರಬೇತಿ ಈ ಎರಡನೆಯದನ್ನು ಕಲಿಸುತ್ತದೆ.

ಅದೇ ತಾಮ್ರದ ಸಲ್ಫೇಟ್ ನಿಮ್ಮ ಕೊಟ್ಟಿಗೆಯಲ್ಲೂ ಇರಬಹುದು, ಮೈಲುತುತ್ತ ಎಂಬ ಹೆಸರಿನಲ್ಲಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡ 1ರ ಬೋರ್ಡೋ ದ್ರಾವಣಕ್ಕೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು. ದ್ರಾವಣ ಹದವಾಗಿದೆಯೇ ಎಂದು ನೋಡಲು ಬೆಳಗಿದ ಕತ್ತಿಯ ತುದಿಯನ್ನು ಅದರಲ್ಲಿ ಅದ್ದುತ್ತಾರೆ. ಕತ್ತಿಯ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು, ಇನ್ನಷ್ಟು ಹಾಕಬೇಕು ಎಂದರ್ಥ. ಸುಣ್ಣದ ಜೊತೆ ಸೇರದೆ ಉಳಿದ ತಾಮ್ರ ಕಬ್ಬಿಣದ ಮೇಲೆ ಬಂದು ಕೂತಿರುತ್ತದೆ. ಪ್ರಯೋಗಾಲಯದ ಮೊಳೆಗೆ ಆದದ್ದೇ ಇಲ್ಲಿ ಕತ್ತಿಗೂ ಆಗುತ್ತದೆ. ಮೈಲುತುತ್ತದ ದ್ರಾವಣವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕಲಸಬಾರದು ಎನ್ನುವುದೂ ಇದೇ ಕಾರಣಕ್ಕೆ. ತರಬೇತಿಯಲ್ಲಿ ಈ ಮಾತು ಬಂದಾಗ ಸಾಗರ, ಹೊಸನಗರ ಕಡೆಯ ಶಿಕ್ಷಕರ ಮುಖ ಅರಳಿದ್ದನ್ನು ನೋಡಿದ್ದೇನೆ. ತೋಟದ ಮನೆಗಳಲ್ಲೇ ಬೆಳೆದವರು, ಪಾಠ ಮಾಡುವಾಗ ಮಾತ್ರ ತೋಟವನ್ನು ಶಾಲೆಯ ಗೇಟಿನ ಹೊರಗೆ ಬಿಟ್ಟು ಬರುತ್ತಿದ್ದರು.

ಎಲ್ಲ ತರಬೇತಿಯೂ ಹೀಗಿರುತ್ತದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಬೆಳಿಗ್ಗೆ ಹಾಜರಿ ಸಹಿ, ಸಂಜೆಯವರೆಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಭಾಷಣ, ಒಂದು ಪ್ರನಾಳವನ್ನೂ ಕೈಯಲ್ಲಿ ಹಿಡಿಯದೆ ವಾಪಸು ಬಸ್ಸು. ಅಂಥದ್ದಕ್ಕೆ ನಾನೂ ಹೋಗಿ ಕೂತಿದ್ದೇನೆ. ಅಂಥ ದಿನ ನಿಮ್ಮ ಮಗಳ ಪಾಠ ತಪ್ಪಿದ್ದು ಪೂರ್ತಿ ನಷ್ಟವೇ, ಅದನ್ನು ಸಮರ್ಥಿಸಲು ನನ್ನಿಂದಾಗದು.

ಹಾಗಾದರೆ ಹೇಗಿರಬೇಕು? ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಿಂದ ಶುರುವಾದ ವಿಜ್ಞಾನ ಬೋಧನಾ ಕಾರ್ಯಕ್ರಮವೊಂದು 2002ರವರೆಗೆ ನಡೆಯಿತು. ಅದು ಆರರಿಂದ ಎಂಟನೇ ತರಗತಿಯವರಿಗೆ ಮಾಡಿದ್ದು, ಆದರೂ ನಮಗೆ ಪಾಠವಾಗುವಂಥದ್ದು. ರಜೆಯಲ್ಲಿ ಶಿಕ್ಷಕರೇ ಮಕ್ಕಳಂತೆ ಕೂತು ಪ್ರತಿ ಪ್ರಯೋಗವನ್ನೂ ಮಾಡುತ್ತಿದ್ದರು. ಆಮೇಲೆ ತಿಂಗಳಿಗೊಮ್ಮೆ ಹತ್ತಿರದ ಒಂದು ಕೇಂದ್ರದಲ್ಲಿ ಸೇರಿ, ತರಗತಿಯಲ್ಲಿ ಏನು ಕೈಕೊಟ್ಟಿತು ಎಂದು ಚರ್ಚಿಸುತ್ತಿದ್ದರು. ನನ್ನ ಮಟ್ಟಿಗೆ ಈ ತಿಂಗಳ ಸಭೆಯೇ ಅದರ ಜೀವಾಳ. ಐದು ದಿನ ಒಟ್ಟಿಗೆ ಶಿವಮೊಗ್ಗಕ್ಕೆ ಕರೆಸುವ ಬದಲು, ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅಕ್ಕಪಕ್ಕದ ಐದಾರು ಶಾಲೆಗಳ ವಿಜ್ಞಾನ ಶಿಕ್ಷಕರು ಒಂದೆಡೆ ಸೇರಿದರೆ ಪಾಠವೂ ತಪ್ಪುವುದಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕೆನ್ನುತ್ತದೆ. ಅದರಲ್ಲಿ ಒಂದಷ್ಟನ್ನು ಹೀಗೆ ತುಂಬಿಸಬಹುದು. ಆಗುಂಬೆ ಕಡೆಯ ಶಿಕ್ಷಕರನ್ನು ಜುಲೈ ಮಳೆಯಲ್ಲಿ ಮೂರು ಬಸ್ಸು ಬದಲಿಸಿ ಬರುವಂತೆ ಮಾಡುವುದೂ ತಪ್ಪುತ್ತದೆ.

ನೀವು ಮಾಡಬಹುದಾದದ್ದೂ ಇದೆ. ಮುಂದಿನ ಸಲ ಮೇಡಂ ಸಿಕ್ಕಾಗ, ತರಬೇತಿಯಲ್ಲಿ ಯಾವ ಪ್ರಯೋಗ ಮಾಡಿದಿರಿ, ಮಕ್ಕಳಿಂದ ಯಾವಾಗ ಮಾಡಿಸುತ್ತೀರಿ ಎಂದು ಕೇಳಿ. ಆಕ್ಷೇಪದ ದನಿಯಲ್ಲಿ ಬೇಡ, ಅವರಿಗೂ ಕೇಳುವವರು ಬೇಕಾಗಿದ್ದಾರೆ. ಪ್ರಯೋಗಾಲಯದಲ್ಲಿ ಸಾಮಾನು ಇಲ್ಲವೆಂದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಆ ಮಾತೆತ್ತಿ. ಈ ಸಲ ಮಳೆ ಹಿಡಿಯುವ ಮೊದಲು ತೋಟಕ್ಕೆ ಔಷಧಿ ಕಲಸುವಾಗ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಮೈಲುತುತ್ತ ವಿಷ, ಅವಳು ಮುಟ್ಟುವುದು ಬೇಡ. ಸುಣ್ಣದ ನೀರು ಸೇರಿಸುವ ಮೊದಲು ಒಮ್ಮೆ, ಸೇರಿಸಿದ ಮೇಲೆ ಒಮ್ಮೆ ಕತ್ತಿಯನ್ನು ಅದ್ದಿ ತೋರಿಸಿ. ಎರಡು ಸಲವೂ ಕಂಡದ್ದನ್ನು ಬರೆದುಕೊಂಡು ಹೋಗಿ ಮೇಡಂಗೆ ಕೊಡಲಿ.