ಪದ ಪರಿಚಯ: ಲೆಮನ್ ಲಾ

ಹೊಸ ಗಾಡಿ ಮನೆಗೆ ಬಂದ ದಿನ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಮುಂದಕ್ಕೆ ಓಡಿಸುತ್ತೇವೆ. ಅಮೆರಿಕದಲ್ಲಿ ಕೆಲವು ಗಾಡಿಗಳನ್ನೇ ನಿಂಬೆಹಣ್ಣು ಅನ್ನುತ್ತಾರೆ. ಎಷ್ಟು ಸಲ ರಿಪೇರಿ ಮಾಡಿಸಿದರೂ ಅದೇ ತೊಂದರೆ ಮತ್ತೆ ಮತ್ತೆ ಕಾಡುವ ಕಾರಿಗೆ ಅಲ್ಲಿನ ಆಡುಮಾತಿನಲ್ಲಿ ‘ಲೆಮನ್’ ಅಂತ ಹೆಸರು. ಅಂಥ ಕಾರನ್ನು ಕಂಪನಿಯೇ ವಾಪಸ್ ತಗೊಂಡು ದುಡ್ಡು ಕೊಡಬೇಕು, ಇಲ್ಲವೇ ಬೇರೆ ಕಾರು ಕೊಡಬೇಕು ಎನ್ನುವ ಕಾನೂನೇ ‘ಲೆಮನ್ ಲಾ’. 1982ರಲ್ಲಿ ಕನೆಕ್ಟಿಕಟ್ ರಾಜ್ಯ ಇದನ್ನು ಮೊದಲು ತಂದಿತು. ನ್ಯೂಯಾರ್ಕ್‌ನ ಲೆಕ್ಕ ನೋಡಿ: ಮೊದಲ 2 ವರ್ಷ ಅಥವಾ 18,000 ಮೈಲಿಯೊಳಗೆ ಒಂದೇ ದೋಷಕ್ಕೆ 4 ಸಲ ರಿಪೇರಿಯಾಗಿಯೂ ಹೋಗದಿದ್ದರೆ, ಅಥವಾ ಗಾಡಿ ಒಟ್ಟು 30 ದಿನ ವರ್ಕ್‌ಶಾಪ್‌ನಲ್ಲೇ ನಿಂತರೆ, ಅದು ಲೆಮನ್.

ನಮ್ಮಲ್ಲಿ ಹೀಗೆ ‘ಇಷ್ಟು ಸಲ’ ಅಂತ ಎಣಿಸಿ ಹೇಳುವ ಕಾನೂನು ಇಲ್ಲ. ಅದಕ್ಕೇ ‘ಏನೂ ಮಾಡೋಕಾಗಲ್ಲ ಬಿಡಿ’ ಅಂತ ಕೈಚೆಲ್ಲುವವರೇ ಜಾಸ್ತಿ. ಹಾಗೆ ಬಿಡಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ದೋಷ’ ಅನ್ನುವ ಪದಕ್ಕೆ ಅಗಲವಾದ ಅರ್ಥವಿದೆ. ವಸ್ತುವಿನ ಗುಣಮಟ್ಟದಲ್ಲಿ ಯಾವುದೇ ಕೊರತೆ ಇದ್ದರೂ ಅದು ದೋಷವೇ. ದೋಷ ಸರಿಪಡಿಸಿ, ವಸ್ತು ಬದಲಿಸಿ ಕೊಡಿ, ಹಣ ವಾಪಸ್ ಮಾಡಿ, ಪರಿಹಾರ ಕೊಡಿ ಅಂತ ಆದೇಶ ಮಾಡುವ ಅಧಿಕಾರ ಗ್ರಾಹಕರ ಆಯೋಗಕ್ಕಿದೆ.

ಆದರೆ ಆಯೋಗದ ಮುಂದೆ ದೋಷ ತೋರಿಸಬೇಕಾದವರು ನಾವು. ಕೊಡಗಿನವರಿಗೆ ಅಲ್ಲೇ ಒಂದು ತೊಡಕಿದೆ.

ನಮ್ಮ ಭಾವನ ಮನೆ ಮಡಿಕೇರಿಯಲ್ಲಿ. ಸುಳ್ಯದಲ್ಲಿ ಓದುವ ಮಗಳನ್ನು ಶನಿವಾರ ಕರೆತರಲು ಹೋದಾಗ, ವಾಪಸ್ ಸಂಪಾಜೆ ಘಾಟಿ ಹತ್ತುವಾಗ ಕಾರು ಎಳೆಯೋದನ್ನೇ ನಿಲ್ಲಿಸುತ್ತಿತ್ತು. ಎಂಜಿನ್ ಲೈಟ್ ಹತ್ತಿ, ತಿರುವಿನಲ್ಲೇ ಆಫ್. ಹಿಂದೆ ಲಾರಿ, ಮುಂದೆ ಮಂಜು, ಮೇಲಿಂದ ಜಡಿಮಳೆ. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಸರ್ವಿಸ್ ಸೆಂಟರ್ ಇರುವುದು ಕೆಳಗೆ, ಬಯಲಲ್ಲಿ. ಅವರು ಚಪ್ಪಟೆ ರಸ್ತೆಯಲ್ಲಿ ಎರಡು ಕಿಲೋಮೀಟರ್ ಓಡಿಸಿ, ‘ಸರ್, ಗಾಡಿ ಓಕೆ ಇದೆ’ ಅಂತ ಕೊಟ್ಟು ಕಳಿಸುತ್ತಿದ್ದರು.

ಮೂರನೇ ಸಲ ಆದಮೇಲೆ ಭಾವ ಹಳೇ ಜಾಬ್ ಕಾರ್ಡ್‌ಗಳನ್ನು, ಅಂದರೆ ಗಾಡಿ ಬಿಡುವಾಗ ಸರ್ವಿಸ್ ಸೆಂಟರ್‌ನವರು ದೂರು ಬರೆದು ಸಹಿ ಹಾಕಿಸಿಕೊಳ್ಳುವ ಚೀಟಿಗಳನ್ನು, ತಂದು ನನ್ನ ಮುಂದೆ ಇಟ್ಟರು. ಮೂರರಲ್ಲೂ ಒಂದೇ ಬರಹ: ‘ಜನರಲ್ ಚೆಕಪ್’. ‘ಭಾವ, ಘಾಟಿಯಲ್ಲಿ ನಿಂತಿದ್ದು ಇದರಲ್ಲಿ ಎಲ್ಲಿದೆ?’ ಅಂದೆ. ‘ಬಾಯಲ್ಲಿ ಹೇಳಿದ್ದೆ ಮಾರಾಯ’ ಅಂದರು. ಕಾಗದದ ಪ್ರಕಾರ ಆ ಕಾರು ಒಂದು ಸಲವೂ ಕೆಟ್ಟಿರಲೇ ಇಲ್ಲ.

ಇದನ್ನು ಎಲ್ಲರಿಗೂ ಹೇಳಬೇಕು ಅಂತಲೇ ಬರೆಯುತ್ತಿದ್ದೇನೆ. ಜಾಬ್ ಕಾರ್ಡ್‌ನಲ್ಲಿ ನಿಮ್ಮ ದೂರು ನಿಮ್ಮ ಮಾತಿನಲ್ಲೇ ಬರಬೇಕು: ಎಲ್ಲಿ, ಯಾವ ಗೇರಿನಲ್ಲಿ, ಮಳೆಯಿತ್ತಾ, ಯಾವ ಲೈಟ್ ಹತ್ತಿತು. ಬರೆಯದೆ ಸಹಿ ಹಾಕಬೇಡಿ. ಗಾಡಿ ಬಿಟ್ಟ ದಿನ, ವಾಪಸ್ ಸಿಕ್ಕ ದಿನ, ಕಿಲೋಮೀಟರ್ ಎಲ್ಲ ಇರಲಿ. ಅದೇ ದಿನ ಒಂದು ಇಮೇಲ್ ಕೂಡ ಹಾಕಿ. ‘ನನ್ನ ಜೊತೆ ಏರಿನಲ್ಲಿ ಓಡಿಸಿ ನೋಡಿ’ ಅಂತ ಕೇಳಿ, ಕೇಳಿದ್ದನ್ನೂ ಬರೆಸಿ. ನಮ್ಮ ರಸ್ತೆ ಏರು ರಸ್ತೆ. ಗಾಡಿ ಇಲ್ಲಿ ಓಡಬೇಕು ಅಲ್ವಾ?

ವಾರಂಟಿಯ ವಿಷಯದಲ್ಲಿ ಒಂದು ಮಾತು ತಿಳಿದಿರಲಿ. ವಾರಂಟಿ ಪುಸ್ತಕದಲ್ಲಿ ಸಾಮಾನ್ಯವಾಗಿ ಬರೆದಿರುವುದು ಕೆಟ್ಟ ಭಾಗವನ್ನು ರಿಪೇರಿ ಮಾಡಿ ಅಥವಾ ಬದಲಿಸಿ ಕೊಡುತ್ತೇವೆ ಅಂತ. 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ಅಷ್ಟೇ ಇರುವಾಗ ಇಡೀ ಕಾರು ಬದಲಿಸಿ ಅನ್ನುವ ಆದೇಶ ಸರಿಯಲ್ಲ ಎಂದಿತು. ಹಾಗಾಗಿ ಹೊಸ ಕಾರು ಅಥವಾ ಪೂರ್ತಿ ಹಣ ಬೇಕಾದರೆ, ಸುಮ್ನೆ ಒಂದು ಪಾರ್ಟ್ ಕೆಟ್ಟಿದೆ ಅಂದರೆ ಸಾಲದು. ತಯಾರಿಕೆಯಲ್ಲೇ ಇರುವ, ರಿಪೇರಿಗೆ ಬಗ್ಗದ ದೋಷ ಅಂತ ತೋರಿಸಬೇಕಾಗುತ್ತದೆ. ಅದಕ್ಕೆ ಪರಿಣತರ ವರದಿ ಬೇಕು. ಗಾಡಿಯನ್ನು ಪರೀಕ್ಷೆಗೆ ಕಳಿಸಿ ಅಂತ ಆಯೋಗವನ್ನೇ ಕೇಳಬಹುದು, ಕಾಯ್ದೆಯಲ್ಲಿ ಅವಕಾಶವಿದೆ. ಅದರ ಶುಲ್ಕವನ್ನು ಮೊದಲು ದೂರುದಾರರೇ ಕಟ್ಟಬೇಕಾಗಬಹುದು.

ದೂರು ಎಲ್ಲಿ ಕೊಡಬೇಕು? ಈ ಪ್ರಶ್ನೆಗೆ 2019ರ ಕಾಯ್ದೆ ನಮ್ಮಂಥ ಜಿಲ್ಲೆಗೆ ದೊಡ್ಡ ಉಪಕಾರ ಮಾಡಿದೆ. ಕಾರು ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೊಂಡಿದ್ದರೂ, ನೀವು ವಾಸವಿರುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಿರಾಜಪೇಟೆಯವರಾಗಲಿ ಸೋಮವಾರಪೇಟೆಯವರಾಗಲಿ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೆ ಸಾಕು. ಕೊಟ್ಟ ಬೆಲೆ 50 ಲಕ್ಷದವರೆಗೆ ಇದ್ದರೆ ಜಿಲ್ಲಾ ಆಯೋಗವೇ ಕೇಳುತ್ತದೆ. ಶುಲ್ಕವೂ ಭಾರವಲ್ಲ: 5 ಲಕ್ಷದವರೆಗೆ ಏನೂ ಇಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400, 50 ಲಕ್ಷದವರೆಗೆ 1,000. ವಕೀಲರೇ ಬೇಕು ಅಂತಿಲ್ಲ. ಮೊದಲು 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ನೋಡಬಹುದು. ಆದರೆ ಗಡುವು ಮರೆಯಬೇಡಿ. ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷದೊಳಗೆ ಆಯೋಗಕ್ಕೆ ಹೋಗಬೇಕು. ‘ಮುಂದಿನ ಸರ್ವಿಸ್‌ನಲ್ಲಿ ನೋಡೋಣ ಸರ್’ ಅನ್ನುವ ಮಾತಿನಲ್ಲೇ ಆ 2 ವರ್ಷ ಕಳೆದುಹೋಗುತ್ತದೆ.

ಮಾಂದಲಪಟ್ಟಿಗೆ ಜೀಪ್ ಓಡಿಸುವವರು, ಪಿಕಪ್ ಇಟ್ಟುಕೊಂಡವರು ‘ನಮ್ಮದು ಬಾಡಿಗೆ ಗಾಡಿ, ನಮಗೆ ಇದೆಲ್ಲ ಸಿಗಲ್ಲ’ ಅಂದುಕೊಳ್ಳುತ್ತಾರೆ. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ ಅನ್ನೋದು ನಿಜ. ಆದರೆ ತಾನೇ ದುಡಿದು ಹೊಟ್ಟೆ ಹೊರೆಯಲು ಕೊಂಡ ಗಾಡಿಯಾದರೆ ಅವರೂ ಗ್ರಾಹಕರೇ. ಕಾಯ್ದೆಯೇ ಹಾಗೆ ಹೇಳುತ್ತದೆ.

ದೋಷದಿಂದ ಯಾರಿಗಾದರೂ ಪೆಟ್ಟಾದರೆ ಅದು ಬೇರೆ ದಾರಿ. ಅದೇ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯದಲ್ಲಿ ತಯಾರಕರ ಮೇಲೆ ಪರಿಹಾರ ಕೇಳಬಹುದು.

ಭಾವ ನಾಲ್ಕನೇ ಸಲ ಹೋದಾಗ ಕೌಂಟರ್ ಬಿಟ್ಟು ಕದಲಲಿಲ್ಲ. ‘ಸಂಪಾಜೆ ಘಾಟಿ ಏರು, ಎರಡನೇ ಗೇರ್, ಮಳೆ, ಎಂಜಿನ್ ಲೈಟ್ ಹತ್ತಿ ಆಫ್’ ಅಂತ ಬರೆಸಿಯೇ ಸಹಿ ಹಾಕಿದರು. ಐದನೇ ಸಲವೂ ಹಾಗೇ. ಆ ಎರಡು ಜಾಬ್ ಕಾರ್ಡ್ ಲಗತ್ತಿಸಿ ಶೋರೂಮಿಗೂ ಕಂಪನಿಗೂ ರಿಜಿಸ್ಟರ್ ಪೋಸ್ಟ್‌ನಲ್ಲಿ ನೋಟಿಸ್ ಹೋಯಿತು. ಕಂಪನಿಯ ಎಂಜಿನಿಯರ್ ಒಬ್ಬರು ಬಂದರು. ಭಾವ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸಂಪಾಜೆಗೆ ಇಳಿದು ವಾಪಸ್ ಹತ್ತಿದರು. ಎರಡನೇ ಪ್ರಯತ್ನದಲ್ಲಿ, ಅದೇ ತಿರುವಿನ ಹತ್ತಿರ ಕಾರು ನಿಂತಿತು. ಅವರು ಏನೂ ಮಾತಾಡದೆ ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿದರು. ಆಮೇಲೆ ಬಾನೆಟ್ ಮೇಲೆ ಕಾಗದ ಇಟ್ಟು, ನಿಂತ ಜಾಗ, ಸಮಯ ಎರಡನ್ನೂ ತಾವೇ ಬರೆದು ಸಹಿ ಮಾಡಿದರು. ಹೊಸ ಕಾರೇನೂ ಸಿಗಲಿಲ್ಲ. ಫ್ಯೂಯಲ್ ಪಂಪೂ ಅದರ ವೈರಿಂಗೂ ಪೂರ್ತಿ ಬದಲಾದವು, ಖರ್ಚು ಕಂಪನಿಯದೇ. ಕಳೆದ ಮಳೆಗಾಲ ಪೂರ್ತಿ ಕಾರು ಘಾಟಿಯಲ್ಲಿ ನಿಂತಿಲ್ಲ. ಆದರೂ ಭಾವ ಆ ಫೈಲನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಂಡಿದ್ದಾರೆ.