ಕೈ ಮೇಲಿನ ನರ ನೀಲಿ ಕಾಣುತ್ತಲ್ಲ, ಹಾಗಾದ್ರೆ ಒಳಗಿರೋ ರಕ್ತ ನೀಲಿನಾ?

ಬಯಾಲಜಿ ರಿವಿಷನ್‌ಗೆ ಕೂತ ಮಕ್ಕಳು ತುಂಬಾ ಕೇಳೋ ಪ್ರಶ್ನೆ ಇದು. ಇಲ್ಲ, ನಮ್ಮ ಮೈಯಲ್ಲಿ ಎಲ್ಲೂ ನೀಲಿ ರಕ್ತ ಇಲ್ಲ. ಲ್ಯಾಬಲ್ಲಿ ಬ್ಲಡ್ ಟೆಸ್ಟಿಗೆ ಕೊಡೋವಾಗ ಮುಖ ತಿರುಗಿಸ್ಕೊಳ್ಳದೆ ಸಿರಿಂಜ್ ನೋಡಿ, ಒಳಗೆ ಏರ್ತಿರೋದು ಆ ನೀಲಿ ನರದ್ದೇ ರಕ್ತ, ಇನ್ನೂ ಗಾಳಿ ಸೋಕಿಲ್ಲ, ಆದ್ರೂ ಹಣ್ಣಾದ ಪುನರ್ಪುಳಿ ಸಿಪ್ಪೆ ಥರ ಕಡುಗೆಂಪು.

ಶ್ವಾಸಕೋಶದಿಂದ ಹೊರಡೋವಾಗ ರಕ್ತದಲ್ಲಿ ಆಕ್ಸಿಜನ್ ಹೊರೋ ಹಿಮೋಗ್ಲೋಬಿನ್‌ನಲ್ಲಿ ಶೇ 97ರಷ್ಟು ಆಕ್ಸಿಜನ್ ತುಂಬಿರುತ್ತೆ, ಆಗ ರಕ್ತ ಢಾಳಾದ ಕೆಂಪು. ಸುಮ್ನೆ ಕೂತಿದ್ದಾಗ ಮೈಯೆಲ್ಲ ಸುತ್ತಿ ವಾಪಸ್ ಬಂದ್ರೂ ಸುಮಾರು ಶೇ 75 ಉಳಿದೇ ಇರುತ್ತೆ. "ಆಕ್ಸಿಜನ್ ಇಲ್ಲದ ರಕ್ತ" ಅಂತ ಬಾಯಿಪಾಠ ಮಾಡ್ತೀವಲ್ಲ, ಅದು ನಿಜವಾಗ್ಲೂ ಆಕ್ಸಿಜನ್ ಕಮ್ಮಿ ಆಗಿರೋ ರಕ್ತ ಅಷ್ಟೇ, ಬಣ್ಣ ಕಡುಗೆಂಪಾಗುತ್ತೆ, ನೀಲಿ ಆಗಲ್ಲ.

ಮತ್ತೆ ನೀಲಿ ಕಾಣೋದ್ಯಾಕೆ? ಅದು ಬೆಳಕಿನ ಕೆಲಸ. ಕೆಂಪು ಬೆಳಕು ಚರ್ಮದಲ್ಲಿ ಆಳಕ್ಕೆ ಇಳಿಯುತ್ತೆ, ನೀಲಿ ಮೇಲ್ಮೇಲೇ ಚದುರಿ ವಾಪಸ್ ಬಂದ್ಬಿಡುತ್ತೆ. ನರ ಇರೋ ಕಡೆ ಒಳಗಿಳಿದ ಕೆಂಪನ್ನ ರಕ್ತ ಹೀರ್ಕೊಳ್ಳೋದ್ರಿಂದ ಅಲ್ಲಿಂದ ಕಣ್ಣಿಗೆ ಬರೋ ಕೆಂಪು ಪಕ್ಕದ ಚರ್ಮಕ್ಕಿಂತ ಕಮ್ಮಿ, ಆ ವ್ಯತ್ಯಾಸಾನೇ ನಮಗೆ ನೀಲಿ ಅಂತ ಕಾಣೋದು.

ಇಲ್ಲಿ ಕನ್ನಡದಲ್ಲಿ ಓದೋರಿಗೆ ಇನ್ನೊಂದು ತೊಡಕಿದೆ, ನಂಗೆ ಇದು ಬಹಳ ಮುಖ್ಯ ಅನ್ಸುತ್ತೆ. ಸೂಜಿ ಚುಚ್ಚೋರು "ನರ ಸಿಗ್ತಿಲ್ಲ" ಅಂತಾರೆ, ಮನೇಲೂ ಹಾಗೇ ಅಂತೀವಿ, ಆದ್ರೆ ಪಾಠದ ಪುಸ್ತಕದಲ್ಲಿ ನರ ಅಂದ್ರೆ ಮೆದುಳಿನ ಸಂದೇಶ ಒಯ್ಯೋದು, ರಕ್ತ ಹರಿಯೋದು ಅಭಿಧಮನಿ (ಕೈ ಮೇಲೆ ನೀಲಿ ಕಾಣೋದು ಇದೇ), ಅಪಧಮನಿಗಳಲ್ಲಿ. ಪರೀಕ್ಷೇಲಿ ಮನೆಮಾತು ಬರೆದ್ರೆ ಮಾರ್ಕ್ಸ್ ಹೋಗುತ್ತೆ.

ಚಿತ್ರದಲ್ಲಿ ಅಪಧಮನಿ ಕೆಂಪು, ಅಭಿಧಮನಿ ನೀಲಿ ಬಳಿಯೋದು ಗುರುತಿಗೆ ಮಾತ್ರ. ಬಣ್ಣ ನೆಚ್ಕೊಂಡ್ರೆ ಪುಪ್ಪುಸಕ ಅಪಧಮನಿ ಹತ್ರ ಎಡವ್ತೀರಿ, ಯಾಕಂದ್ರೆ ಹೃದಯದಿಂದ ಶ್ವಾಸಕೋಶಕ್ಕೆ ಹೋಗೋ ಅದರಲ್ಲಿ ಹರಿಯೋದು ಆಕ್ಸಿಜನ್ ಕಮ್ಮಿ ಇರೋ ಆ ಕಡುಗೆಂಪು ರಕ್ತಾನೇ. ಹೊಕ್ಕುಳಬಳ್ಳೀಲೂ ಅಷ್ಟೇ, ಮಗುವಿಗೆ ಆಕ್ಸಿಜನ್ ತರೋದು ಅಭಿಧಮನಿ. ದಿಕ್ಕು ನೋಡಿ: ಹೃದಯದಿಂದ ಆಚೆ ಹೋದ್ರೆ ಅಪಧಮನಿ, ಹೃದಯಕ್ಕೆ ಬಂದ್ರೆ ಅಭಿಧಮನಿ.

ಈ ದಿಕ್ಕನ್ನ ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ 1628ರಲ್ಲೇ ತನ್ನ ಪುಸ್ತಕದಲ್ಲಿ ಕೈ ಚಿತ್ರ ಹಾಕಿ ತೋರ್ಸಿದ್ದ, ನೀವೂ ಮಾಡ್ಬಹುದು. ಕೈ ಸ್ವಲ್ಪ ಹೊತ್ತು ಜೋತುಬಿಡಿ, ಉಬ್ಬಿರೋ ಒಂದು ಅಭಿಧಮನಿ ಮೇಲೆ ಬೆರಳು ಒತ್ತಿ ಹಿಡೀರಿ, ಇನ್ನೊಂದು ಬೆರಳಿಂದ ಅಲ್ಲಿಂದ ಮೊಣಕೈ ಕಡೆಗೆ ನೀವಿ ಬಿಡಿ. ಒಂದೆರಡು ಜಾಗ ನೋಡ್ಬೇಕಾಗ್ಬಹುದು, ಮಧ್ಯೆ ಕವಾಟ (ರಕ್ತ ಹಿಂದಕ್ಕೆ ಹರಿಯದ ಹಾಗೆ ತಡೆಯೋ ಪುಟ್ಟ ಬಾಗಿಲು) ಸಿಕ್ರೆ ಅಷ್ಟುದ್ದ ಚಪ್ಪಟೆ ಆಗೇ ಉಳಿಯುತ್ತೆ, ಮೇಲಿಂದ ರಕ್ತ ಇಳಿಯಲ್ಲ. ಒತ್ತಿದ್ದ ಬೆರಳು ತೆಗೀರಿ, ಕೆಳಗಿಂದ ಸರ್ರಂತ ತುಂಬ್ಕೊಳ್ಳುತ್ತೆ.