ವಾಚು ಆಮೇಲೆ, ಮೊದಲು ಕೆಲಸ ನೋಡಿ

ನನ್ನನ್ನು ಕರೆಸುವವರು ಹೆಚ್ಚುಕಮ್ಮಿ ಒಂದೇ ಮಾತು ಹೇಳುತ್ತಾರೆ. "ನಮ್ಮವರು ನಿಧಾನ. ಒಂದು ಪೀಸಿಗೆ ಎಷ್ಟು ಹೊತ್ತು ಬೇಕು ಅಂತ ಅಳೆದು ಕೊಡಿ, ಉಳಿದದ್ದು ನಾವು ನೋಡ್ಕೋತೀವಿ." ಆ 'ಉಳಿದದ್ದು' ಏನು ಅಂತ ನನಗೂ ಗೊತ್ತು, ಲೈನಿನಲ್ಲಿ ನಿಂತವರಿಗೂ ಗೊತ್ತು. ಅದಕ್ಕೇ ನಾನು ಒಳಗೆ ಕಾಲಿಡುತ್ತಿದ್ದ ಹಾಗೆ ಅಲ್ಲಿ ಮಾತುಕತೆ ನಿಂತುಹೋಗುತ್ತದೆ.

ಕೆಲಸದ ವಿಧಾನ ನೋಡುವುದು, ಅದಕ್ಕೆ ಹಿಡಿಯುವ ಸಮಯ ಅಳೆಯುವುದು ನನ್ನ ಉದ್ಯೋಗ. ಸ್ಟಾಪ್‌ವಾಚ್ ಇಲ್ಲದೆ ನನಗೆ ನಡೆಯುವುದಿಲ್ಲ. ಆದರೂ ಮೊದಲ ಎರಡು ದಿನ ಅದು ಬ್ಯಾಗಿನಲ್ಲೇ ಇರುತ್ತದೆ. ಕೆಟ್ಟ ವಿಧಾನವನ್ನು ಎಷ್ಟು ಚೊಕ್ಕವಾಗಿ ಅಳೆದರೂ ಸಿಗುವುದು ಕೆಟ್ಟ ವಿಧಾನದ ಸಮಯವೇ. ಅದನ್ನು ಟಾರ್ಗೆಟ್ ಅಂತ ಬರೆದು ಗೋಡೆಗೆ ಅಂಟಿಸಿದರೆ, ಆ ವಿಧಾನಕ್ಕೆ ನಾವೇ ಮೊಹರು ಒತ್ತಿದ ಹಾಗೆ.

ಒಮ್ಮೆ ಒಂದು ಪ್ಯಾಕಿಂಗ್ ವಿಭಾಗಕ್ಕೆ ಹೋಗಿದ್ದೆ. ಬಿಡಿಭಾಗಗಳನ್ನು ಎಣಿಸಿ, ಪೆಟ್ಟಿಗೆಗೆ ತುಂಬಿ, ಟೇಪ್ ಹಚ್ಚಿ, ಲೇಬಲ್ ಅಂಟಿಸುವ ಕೆಲಸ. ಅಲ್ಲೊಬ್ಬರು ಹೆಂಗಸು, ಕೈ ಬಲು ಚುರುಕು. ದಿನದ ಲೆಕ್ಕದಲ್ಲಿ ಮಾತ್ರ ಅವರ ಪೆಟ್ಟಿಗೆಗಳೇ ಎಲ್ಲರಿಗಿಂತ ಕಡಿಮೆ. ಮ್ಯಾನೇಜರ್ ಅವರ ಮೇಲೆ ಸಿಟ್ಟಾಗಿದ್ದರು. ನಾನು ಪಕ್ಕದಲ್ಲಿ ಒಂದು ಸ್ಟೂಲು ಹಾಕಿಕೊಂಡು ಸುಮ್ನೆ ಕೂತು ನೋಡಿದೆ. ಅವರ ಟೇಬಲ್ ಸಾಲಿನ ಕೊನೆಯದು. ಖಾಲಿ ಪೆಟ್ಟಿಗೆಗಳು ಬೆನ್ನ ಹಿಂದೆ, ನೆಲದ ಮೇಲೆ. ಪ್ರತಿ ಪೆಟ್ಟಿಗೆಗೂ ತಿರುಗಬೇಕು, ಬಾಗಬೇಕು, ಏಳಬೇಕು. ಲೇಬಲ್ ಪ್ರಿಂಟರ್ ಸಾಲಿನ ಆ ತುದಿಯಲ್ಲಿ. ಲೇಬಲ್ ಮುಗಿದಾಗಲೆಲ್ಲ ಅಲ್ಲಿಯವರೆಗೆ ನಡಿಗೆ. ಕೈ ಉಳಿಸಿದ ಹೊತ್ತನ್ನೆಲ್ಲ ಕಾಲು ತಿನ್ನುತ್ತಿತ್ತು.

"ಪ್ರಿಂಟರ್ ಈ ಕಡೆ ಇಡಿ ಅಂತ ಯಾರಿಗಾದ್ರೂ ಹೇಳಿದ್ರಾ?" ಅಂತ ಕೇಳಿದೆ.

"ಯಾರಿಗೆ ಹೇಳೋದು ಸಾರ್? ಬಂದವರೆಲ್ಲ ಎಷ್ಟಾಯ್ತು ಅಂತಾರೆ. ಹೇಗಾಗ್ತಿದೆ ಅಂತ ಯಾರೂ ಕೇಳಲ್ಲ."

ನಮ್ಮ ಕಸುಬಿನ ಅರ್ಧ ಪಾಠ ಆ ಮಾತಿನಲ್ಲೇ ಇದೆ. ಅದನ್ನು ಮೊದಲು ಕಂಡುಕೊಂಡವರಲ್ಲಿ ಒಬ್ಬ ಇಟ್ಟಿಗೆ ಕಟ್ಟುವವನು. ಫ್ರಾಂಕ್ ಗಿಲ್‌ಬ್ರೆತ್ 1885ರಲ್ಲಿ, 17ನೇ ವಯಸ್ಸಿನಲ್ಲಿ, ಅಮೆರಿಕದಲ್ಲಿ ಗಾರೆ ಕೆಲಸ ಕಲಿಯಲು ಸೇರಿದ. ಕಲಿಸುವವರು ಒಬ್ಬೊಬ್ಬರೂ ಒಂದೊಂದು ರೀತಿ ಕಟ್ಟುವುದನ್ನು ನೋಡಿದ. ಇನ್ನೂ ತಮಾಷೆಯ ವಿಷಯ ಎಂದರೆ, ಒಬ್ಬನೇ ಮನುಷ್ಯ ಹುಡುಗನಿಗೆ ತೋರಿಸುವಾಗ ಒಂದು ರೀತಿ, ಆರಾಮಾಗಿ ಕಟ್ಟುವಾಗ ಇನ್ನೊಂದು ರೀತಿ, ಅವಸರದಲ್ಲಿ ಮತ್ತೊಂದು ರೀತಿ ಮಾಡುತ್ತಿದ್ದ. ಇದರಲ್ಲಿ ಸರಿಯಾದದ್ದು ಯಾವುದು? ಅದೇ ಪ್ರಶ್ನೆ ಹಿಡಿದು ಅವನು ಪ್ರತಿಯೊಂದು ಚಲನೆಯನ್ನೂ ನೋಡಿದ. ಇಟ್ಟಿಗೆ ನೆಲದ ಮೇಲಿತ್ತು. ಎರಡು ಕಿಲೋ ಚಿಲ್ಲರೆ ತೂಗುವ ಒಂದು ಇಟ್ಟಿಗೆ ಎತ್ತಲು ಮನುಷ್ಯ ತನ್ನ ಮೈಯ ಅರ್ಧ ಭಾರವನ್ನು ಇಳಿಸಿ ಏರಿಸುತ್ತಿದ್ದ. ಗೋಡೆ ಏರಿದ ಹಾಗೆ ತಾನೂ ಏರುವ ಅಟ್ಟಣೆ ಮಾಡಿಸಿ, ಇಟ್ಟಿಗೆ, ಗಾರೆ ಎರಡೂ ಕೈ ಎತ್ತರದಲ್ಲಿ ಸಿಗುವಂತೆ ಮಾಡಿದ. ಇಟ್ಟಿಗೆಯ ಒಳ್ಳೆಯ ಮುಖ ಯಾವುದೆಂದು ತಿರುಗಿಸಿ ನೋಡುವ ಕೆಲಸವನ್ನು ಕಡಿಮೆ ಕೂಲಿಯ ಸಹಾಯಕ ಮೊದಲೇ ಮಾಡಿ ಜೋಡಿಸಿಡುತ್ತಿದ್ದ. ಗಾರೆ ಹದವಾಗಿದ್ದರೆ ಕರಣೆಯಿಂದ ಕುಟ್ಟುವುದೂ ಬೇಡ. ಒಂದು ಇಟ್ಟಿಗೆಗೆ 18 ಇದ್ದ ಚಲನೆಗಳು 5ಕ್ಕೆ ಇಳಿದವು. ಗಂಟೆಗೆ 120 ಇಟ್ಟಿಗೆ ಇದ್ದದ್ದು 350 ಆಯಿತು.

ಇಲ್ಲಿ ಯಾರೂ ಯಾರಿಗೂ 'ಬೇಗ ಬೇಗ' ಅನ್ನಲಿಲ್ಲ, ಗಮನಿಸಿ. ಅವನ ಹೆಂಡತಿ ಲಿಲಿಯನ್ ಮನಶ್ಶಾಸ್ತ್ರ ಓದಿದವಳು. ದಣಿವು ಕೂಡ ಕೆಲಸದ ಲೆಕ್ಕದೊಳಗೇ ಬರಬೇಕು ಎಂದು ಇಬ್ಬರೂ ಪಟ್ಟು ಹಿಡಿದರು. 1924ರಲ್ಲಿ ಅವನು ತೀರಿಕೊಂಡ ಮೇಲೆ ದಶಕಗಳ ಕಾಲ ಅವಳೊಬ್ಬಳೇ ಈ ಕೆಲಸ ಮುಂದುವರಿಸಿದಳು. ನನ್ನ ಮಟ್ಟಿಗೆ ಇಬ್ಬರಲ್ಲಿ ಅವಳೇ ದೊಡ್ಡವಳು.

ನೋಡಿದ್ದನ್ನು ಬರೆಯಬೇಕು. ನೆನಪಿನಿಂದ ಅಲ್ಲ, ಅಲ್ಲೇ ನಿಂತು. ಇದಕ್ಕೆ ನಾವು ಐದು ಗುರುತು ಬಳಸುತ್ತೇವೆ. ನಿಜವಾದ ಕೆಲಸಕ್ಕೆ ವೃತ್ತ, ಸಾಗಣೆಗೆ ಬಾಣ, ತಪಾಸಣೆಗೆ ಚೌಕ, ಕಾಯುವುದಕ್ಕೆ ಇಂಗ್ಲಿಷಿನ 'ಡಿ' ಅಕ್ಷರದ ಆಕಾರ, ದಾಸ್ತಾನಿಗೆ ತಲೆಕೆಳಗಾದ ತ್ರಿಕೋನ. ಒಂದು ವಸ್ತು ಒಳಗೆ ಬಂದಲ್ಲಿಂದ ಹೊರಗೆ ಹೋಗುವವರೆಗೆ ಅದರ ಬೆನ್ನಿಗೇ ನಡೆದು ಒಂದೊಂದನ್ನೂ ಗುರುತು ಹಾಕಿ. ಹಾಳೆ ತುಂಬಿದಾಗ ವೃತ್ತಗಳನ್ನು ಎಣಿಸಿ ನೋಡಿ. ಬಾಣ ಮತ್ತು 'ಡಿ'ಗಳ ಮಧ್ಯೆ ಅವನ್ನು ಹುಡುಕಬೇಕಾಗುತ್ತದೆ. ಆ ಹಾಳೆ ತೋರಿಸಿದಾಗ 'ಇದು ನಮ್ಮದಲ್ಲ' ಅಂದ ಮ್ಯಾನೇಜರ್‌ಗಳನ್ನು ನೋಡಿದ್ದೇನೆ.

ಆಮೇಲೆ ಪ್ರಶ್ನೆ. ಇದನ್ನು ಯಾಕೆ ಮಾಡಬೇಕು? ಇಲ್ಲೇ ಯಾಕೆ? ಈಗಲೇ ಯಾಕೆ? ಇವರೇ ಯಾಕೆ? ಹೀಗೇ ಯಾಕೆ? ಇದೇ ಕ್ರಮದಲ್ಲಿ ಕೇಳಬೇಕು. ಹೆಚ್ಚಿನವರು ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತಾರೆ. ಅಂದರೆ, ಬೇಡವೇ ಬೇಡದ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವುದು ಹೇಗೆ ಅಂತ ಯೋಚಿಸುತ್ತಾರೆ. ಒಂದು ಕಡೆ ಒಂದೇ ಭಾಗವನ್ನು ಎರಡು ಬಾರಿ ತಪಾಸಣೆ ಮಾಡುತ್ತಿದ್ದರು. ಎರಡನೆಯದಕ್ಕೆ ಹೊಸ ಯಂತ್ರ ತರುವ ಯೋಚನೆ ನಡೆದಿತ್ತು. ಆ ತಪಾಸಣೆ ಯಾಕೆ ಶುರುವಾಯಿತು ಅಂತ ಕೇಳಿದರೆ ಯಾರಿಗೂ ಗೊತ್ತಿಲ್ಲ. ಕೊನೆಗೆ ಹಳಬರೊಬ್ಬರು ನೆನಪಿಸಿಕೊಂಡರು. ಹಿಂದೊಮ್ಮೆ ಮಾಲಿನ ಒಂದು ಕಂತು ಕೆಟ್ಟು ಬಂದಿತ್ತು, ಆಗ 'ಸದ್ಯಕ್ಕೆ' ಅಂತ ಇಟ್ಟ ವ್ಯವಸ್ಥೆ ಅದು.

ಇದೆಲ್ಲ ಆದ ಮೇಲೆ, ಹೊಸ ವಿಧಾನ ಕೈಗೆ ಹತ್ತಿದ ಮೇಲೆ, ವಾಚು ಹೊರಗೆ ಬರಲಿ.

ಸಮಯ ಅಳೆಯುವುದು ಎಂದರೆ ಗುಂಡಿ ಒತ್ತುವುದು ಅಂತ ತುಂಬಾ ಜನ ತಿಳಿದಿದ್ದಾರೆ. ಒಂದು ಲೆಕ್ಕ ಹಾಕಿ ನೋಡೋಣ. ಒಂದು ಕೆಲಸವನ್ನು ಹಲವು ಸುತ್ತು ಅಳೆದು ಸರಾಸರಿ 0.80 ನಿಮಿಷ ಬಂತು ಅಂದುಕೊಳ್ಳಿ. 480 ನಿಮಿಷದ ಶಿಫ್ಟನ್ನು ಅದರಿಂದ ಭಾಗಿಸಿದರೆ 600 ಪೀಸು. ಇಷ್ಟಕ್ಕೇ ನಿಲ್ಲಿಸಿ ಟಾರ್ಗೆಟ್ ಕೊಡುವವರು ಇದ್ದಾರೆ. ಇದು ತಪ್ಪು ಮಾತ್ರವಲ್ಲ, ಅನ್ಯಾಯ ಕೂಡ.

ನೀವು ಅಳೆದಾಗ ಆ ಆಪರೇಟರ್ ಯಾವ ವೇಗದಲ್ಲಿದ್ದರು? ಅದನ್ನು ಅಂದಾಜು ಮಾಡುವುದಕ್ಕೆ ರೇಟಿಂಗ್ ಅನ್ನುತ್ತೇವೆ. ಬ್ರಿಟಿಷ್ ಅಳತೆಯಲ್ಲಿ, ಬರಿಗೈಯಲ್ಲಿ ಗಂಟೆಗೆ 6.4 ಕಿಲೋಮೀಟರ್ ನಡೆಯುವ ಚುರುಕನ್ನು 100 ಎಂದು ಹಿಡಿಯುತ್ತಾರೆ. ಅದಕ್ಕೆ ಹೋಲಿಸಿ ಇತರ ಕೆಲಸಗಳ ವೇಗವನ್ನು ಕಣ್ಣಿನಲ್ಲೇ ತೂಗಬೇಕು. ನಮ್ಮ ಆಪರೇಟರ್ ವೇಗ 110 ಅನ್ನಿಸಿತು ಎನ್ನಿ. ಆಗ 100ರ ವೇಗದಲ್ಲಿ ಮಾಡುವವರಿಗೆ ಬೇಕಾಗುವ ಮೂಲ ಸಮಯ 0.80ರ 1.1 ಪಟ್ಟು, ಅಂದರೆ 0.88 ನಿಮಿಷ. ಅದಕ್ಕೆ ವಿಶ್ರಾಂತಿ ಸೇರಿಸಬೇಕು. ನೀರು ಕುಡಿಯುವುದು, ಶೌಚಾಲಯ ಇಂಥವಕ್ಕೆ ಸಾಮಾನ್ಯವಾಗಿ ಶೇ 5, ಯಾವ ಕೆಲಸಕ್ಕೂ ಇರುವ ದಣಿವಿಗೆ ಶೇ 4. ನಿಂತು ಮಾಡುವುದು, ಭಾರ ಎತ್ತುವುದು, ಸೆಕೆ, ಸದ್ದು, ಕಣ್ಣಿಗೆ ಶ್ರಮ ಇದ್ದರೆ ಇನ್ನಷ್ಟು. ಒಟ್ಟು ಶೇ 15 ಆಯಿತು ಎಂದರೆ ಸ್ಟ್ಯಾಂಡರ್ಡ್ ಟೈಮ್ 1.012 ನಿಮಿಷ. ಶಿಫ್ಟಿಗೆ ಸುಮಾರು 474 ಪೀಸು. 600 ಎಲ್ಲಿ, 474 ಎಲ್ಲಿ? ನಡುವಿನ ಆ 126 ಪೀಸಿಗಾಗಿಯೇ ಎಷ್ಟೋ ಕಡೆ ವರ್ಷಗಟ್ಟಲೆ ಜಗಳ ನಡೆಯುತ್ತದೆ.

ರೇಟಿಂಗ್ ಕಣ್ಣಂದಾಜು ಅಂತ ಟೀಕೆ ಇದೆ. ಟೀಕೆ ನಿಜ. ನಾನು ಇಂದಿಗೂ ಆಗಾಗ ವಿಡಿಯೊ ನೋಡಿ, ಸಹೋದ್ಯೋಗಿಗಳ ಅಂದಾಜಿನ ಜೊತೆ ನನ್ನದನ್ನು ತಾಳೆ ನೋಡುತ್ತೇನೆ. ಬೇಕೆಂದೇ ನಿಧಾನ ಮಾಡುವವರೂ ಸಿಗುತ್ತಾರೆ. ಅವರನ್ನು ದೂರಲಾರೆ. ಹಿಂದೆ ಯಾರೋ ಸಮಯ ಅಳೆದು ಟಾರ್ಗೆಟ್ ಏರಿಸಿ ಹೋಗಿರುತ್ತಾರೆ, ಸಂಬಳ ಮಾತ್ರ ಇದ್ದಲ್ಲೇ ಇರುತ್ತದೆ. 1911ರಲ್ಲಿ ಅಮೆರಿಕದ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯಲ್ಲಿ ಎರಕದ ಕೆಲಸಗಾರರು ಸ್ಟಾಪ್‌ವಾಚ್ ಕಂಡೇ ಕೆಲಸ ಬಿಟ್ಟು ಹೊರಗೆ ನಡೆದರು. ಸಮಯ ಅಧ್ಯಯನದ ಗುರು ಎನಿಸಿಕೊಂಡ ಫ್ರೆಡರಿಕ್ ಟೇಲರ್‌ನ ಪದ್ಧತಿಯನ್ನು ಅಲ್ಲಿ ತರುತ್ತಿದ್ದರು. ವಿಷಯ ಸಂಸತ್ತಿನ ವಿಚಾರಣೆಯವರೆಗೆ ಹೋಯಿತು. ಆಮೇಲೆ ಅಲ್ಲಿನ ಸರ್ಕಾರಿ ಕೆಲಸದಲ್ಲಿ ಸ್ಟಾಪ್‌ವಾಚ್ ಬಳಸದಂತೆ ಹಣಕಾಸು ಕಾನೂನಿನಲ್ಲೇ ಸೇರಿಸಿದರು. ಆ ನಿಷೇಧ ದಶಕಗಳ ಕಾಲ ಉಳಿಯಿತು. ಹೀಗಾಗಿ ನಾನು ಕದ್ದು ಅಳೆಯುವುದಿಲ್ಲ. ವಾಚು ತೋರಿಸಿ, ಯಾಕೆ ಅಂತ ಹೇಳಿ, ಮುಗಿದ ಮೇಲೆ ಹಾಳೆಯನ್ನು ಅವರ ಕೈಗೇ ಕೊಡುತ್ತೇನೆ. 'ಇಲ್ಲಿ ತಪ್ಪಿದೆ ಸಾರ್' ಅಂತ ಅವರು ತೋರಿಸಿದ ತಪ್ಪುಗಳು ಒಂದೆರಡಲ್ಲ.

ಎಲ್ಲವನ್ನೂ ವಾಚಿನಿಂದಲೇ ಅಳೆಯಬೇಕೆಂದೂ ಇಲ್ಲ. ಯಂತ್ರವೊಂದು ದಿನದಲ್ಲಿ ಎಷ್ಟು ಹೊತ್ತು ಸುಮ್ಮನೆ ನಿಂತಿರುತ್ತದೆ ಅಂತ ತಿಳಿಯಲು ದಿನವಿಡೀ ಕಾವಲು ಕಾಯುವ ಅಗತ್ಯವಿಲ್ಲ. ಗೊತ್ತುಗುರಿಯಿಲ್ಲದ ಹೊತ್ತಿಗೆ ಹೋಗಿ ನೋಡಿ, ಓಡುತ್ತಿದೆ ಅಥವಾ ನಿಂತಿದೆ ಅಂತ ಒಂದು ಗೀಟು ಹಾಕಿ ಬನ್ನಿ. ಬ್ರಿಟನ್ನಿನ ಜವಳಿ ಉದ್ಯಮಕ್ಕಾಗಿ ಸಂಖ್ಯಾಶಾಸ್ತ್ರಜ್ಞ ಟಿಪೆಟ್ 1930ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯ ಇದು. ಯಂತ್ರ ಕಾಲು ಭಾಗ ಹೊತ್ತು ನಿಂತಿರುತ್ತದೆ ಅಂತ ನಿಮ್ಮ ಅಂದಾಜಿದ್ದರೆ, ಶೇ 5 ಆಚೀಚೆಯೊಳಗೆ ಖಚಿತಪಡಿಸಿಕೊಳ್ಳಲು 300 ಬಾರಿ ನೋಡಿದರೆ ಸಾಕು. ಆಗ 100ಕ್ಕೆ 95 ಪಾಲು ನಂಬಬಹುದಾದ ಉತ್ತರ ಸಿಗುತ್ತದೆ. ಎರಡು ವಾರದಲ್ಲಿ ಮುಗಿಯುವ ಕೆಲಸ. ಒಂದೇ ಎಚ್ಚರಿಕೆ, ದಿನಾ ಹತ್ತು ಗಂಟೆಗೇ ಹೋಗಬೇಡಿ. ಹತ್ತು ಗಂಟೆಗೆ ಎಲ್ಲರೂ ನಿಮಗಾಗಿ ಚುರುಕಾಗಿರುತ್ತಾರೆ.

ಯಂತ್ರ ನಿಂತಿರುವುದಕ್ಕೆ ಒಂದು ದೊಡ್ಡ ಕಾರಣ ಅಚ್ಚು ಬದಲಾಯಿಸುವುದು. ಇದಕ್ಕೆ ಜಪಾನಿನ ಎಂಜಿನಿಯರ್ ಶಿಗೆಯೊ ಶಿಂಗೊ ಹೇಳಿದ್ದು ತೀರಾ ಸರಳ. ಯಂತ್ರ ನಿಲ್ಲಿಸಿಯೇ ಮಾಡಬೇಕಾದ್ದನ್ನೂ ಓಡುವಾಗಲೇ ಮಾಡಿಟ್ಟುಕೊಳ್ಳಬಹುದಾದ್ದನ್ನೂ ಬೇರೆ ಮಾಡಿ. ನಾನು ನೋಡಿದ ಕಡೆಗಳಲ್ಲಿ ಯಂತ್ರ ನಿಂತ ಮೇಲೇ ಸ್ಪ್ಯಾನರ್ ಹುಡುಕಾಟ ಶುರುವಾಗುತ್ತದೆ. ಸ್ಪ್ಯಾನರ್ ಸಿಕ್ಕರೆ ಅಚ್ಚು ಬಂದಿಲ್ಲ, ಅಚ್ಚು ಬಂದರೆ ಟ್ರಾಲಿ ಇಲ್ಲ. ಬೇಕಾದ್ದನ್ನೆಲ್ಲ ಮೊದಲೇ ಟ್ರಾಲಿಯಲ್ಲಿ ಜೋಡಿಸಿಟ್ಟರೆ ಒಂದು ರೂಪಾಯಿ ಖರ್ಚಿಲ್ಲದೆ ನಿಲುಗಡೆ ಎದ್ದು ಕಾಣುವಷ್ಟು ಇಳಿಯುತ್ತದೆ.

'ನಮ್ಮದು ಆಫೀಸು, ಇದೆಲ್ಲ ಕಾರ್ಖಾನೆಗೆ' ಅನ್ನುವವರಿಗೆ ಒಂದು ಮಾತು. ಒಂದು ಅರ್ಜಿಯ ಹಿಂದೆ ಮೇಜಿನಿಂದ ಮೇಜಿಗೆ ನಡೆದು ನೋಡಿ. ಎಲ್ಲರೂ ಸೇರಿ ಅದರ ಮೇಲೆ ನಿಜವಾಗಿ ಕೆಲಸ ಮಾಡಿದ್ದು ಅರ್ಧ ಗಂಟೆಯೂ ಇರುವುದಿಲ್ಲ. ಆದರೆ ಅರ್ಜಿ ಹೊರಬರಲು ವಾರ ಬೇಕು. ಉಳಿದ ಹೊತ್ತೆಲ್ಲ ಅದು ಟ್ರೇನಲ್ಲೋ ಇನ್‌ಬಾಕ್ಸಿನಲ್ಲೋ ಮಲಗಿರುತ್ತದೆ. ಸಾಹೇಬರು ಸಹಿ ಹಾಕುವುದು ಸಂಜೆ ಒಂದೇ ಸಲ, ಕಟ್ಟುಗಟ್ಟಲೆ. ಹೀಗಿರುವಾಗ ಗುಮಾಸ್ತರ ಟೈಪಿಂಗ್ ವೇಗ ಅಳೆದು ಏನು ಬಂತು? ಕೀಬೋರ್ಡಿನ ಬಡಿತ ಎಣಿಸುವ ಸಾಫ್ಟ್‌ವೇರ್ ಹಾಕಿಸಿ ಅದಕ್ಕೆ ಉತ್ಪಾದಕತೆ ಅಂತ ಹೆಸರಿಡುವುದನ್ನು ಕಂಡರೆ ನನಗೆ ನಗು ಬರುತ್ತದೆ. ಆಮೇಲೆ ಸಿಟ್ಟೂ ಬರುತ್ತದೆ.

ಪ್ಯಾಕಿಂಗ್ ವಿಭಾಗದ ಕತೆ ಅರ್ಧಕ್ಕೇ ಬಿಟ್ಟೆ, ಅಲ್ವಾ? ಖಾಲಿ ಪೆಟ್ಟಿಗೆಗಳನ್ನು ಟೇಬಲಿನ ಎತ್ತರಕ್ಕೆ ತಂದೆವು. ಪ್ರಿಂಟರನ್ನು ಸಾಲಿನ ನಡುವೆ ಇಟ್ಟೆವು. ಆ ಹೆಂಗಸಿನ ಲೆಕ್ಕ ಒಂದೇ ವಾರದಲ್ಲಿ ಉಳಿದವರ ಮಟ್ಟಕ್ಕೆ ಬಂತು. ಎಲ್ಲರೂ ಖುಷಿ. ಆರು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದೆ. ಪೆಟ್ಟಿಗೆಗಳು ಮತ್ತೆ ನೆಲದ ಮೇಲೆ, ಅವರ ಬೆನ್ನ ಹಿಂದೆ! ಮ್ಯಾನೇಜರ್ ಎಂದಿನಂತೆ 'ಇವರಿಗೆ ಎಷ್ಟು ಹೇಳಿದರೂ ಅಷ್ಟೇ' ಅಂದರು. ನಾನು ವಿಚಾರಿಸಿದೆ. ಪೆಟ್ಟಿಗೆ ತಂದು ಹಾಕುವ ಹುಡುಗನ ಕೈಗಾಡಿ ಹೊಸ ಸ್ಟ್ಯಾಂಡಿನ ಹತ್ತಿರ ತಿರುಗುತ್ತಿರಲಿಲ್ಲ. ದಾರಿ ಒಂದು ಗೇಣು ಕಡಿಮೆ ಬಿದ್ದಿತ್ತು. ಟೇಬಲಿನ ಮುಂದೆ ಕೂತವರನ್ನೆಲ್ಲ ಮಾತಾಡಿಸಿದ್ದ ನಾನು ಆ ಹುಡುಗನನ್ನು ಮಾತ್ರ ಕೇಳಿರಲಿಲ್ಲ.